ವಿಜಯಪುರದಲ್ಲಿ ಸೂರ್ಯ ಮುಳುಗುವ ತನಕ

ಚನ್ನಬಸಯ್ಯನವರ ಕಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುವುದು ನ್ಯಾಯ. ಯಾಕೆಂದರೆ ಆ ಭಾನುವಾರ ನಡೆದದ್ದನ್ನು ಕಂಡ ಭಾಂಡುಪಿನ ಜನರೂ, ಕಾಣದೆ ಬರೀ ಕೇಳಿದ ಬೊರಿವಲಿಯ ನೆಂಟರೂ ಅವರ ಕಣ್ಣನ್ನೇ ಅನುಮಾನಿಸಿದರು. ಒಬ್ಬರು ಕ್ಯಾರೆಟ್ ತಿನ್ನಲು ಹೇಳಿದರು, ಇನ್ನೊಬ್ಬರು ಮಲಗುವಾಗ ಅಂಗಾಲಿಗೆ ಹರಳೆಣ್ಣೆ ಹಚ್ಚಿಕೊಳ್ಳಲು ಹೇಳಿದರು. ಕಣ್ಣು ಸರಿಯಾಗಿಯೇ ಇತ್ತು. ಅದಕ್ಕೆ ಆರಾಮ ಕೊಡಲು ಹೋದದ್ದೇ ತಪ್ಪಾಯಿತು.

ಚನ್ನಬಸಯ್ಯ ವಿಜಯಪುರದ ಕಡೆಯವರು, ಭಾಂಡುಪಿನ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತರು. ಅವರಿದ್ದ ಬಿಲ್ಡಿಂಗಿನ ಸುತ್ತಮುತ್ತಲ ಕನ್ನಡಿಗರೆಲ್ಲ ಸೇರಿ ಕಟ್ಟಿಕೊಂಡ ಹೊಂಬೆಳಗು ಕನ್ನಡ ಬಳಗಕ್ಕೆ ಅವರು ಹಳೆಯ ಸದಸ್ಯರು. ಪ್ರತಿ ನವೆಂಬರಿನ ರಾಜ್ಯೋತ್ಸವದಲ್ಲಿ ಅವರಿಗೆ ಒಂದೇ ಕೆಲಸ, ಬಾಗಿಲ ಪಕ್ಕದ ನೀರಿನ ಟೇಬಲ್ಲು. ಭಾಷಣ, ಹಾಡು, ಸನ್ಮಾನ ಎಲ್ಲವನ್ನೂ ಅವರು ವರ್ಷಾನುವರ್ಷ ಗ್ಲಾಸುಗಳ ಸಾಲಿನ ಹಿಂದಿನಿಂದಲೇ ನೋಡಿದ್ದರು. ಬಳಗದ ಅರ್ಧ ಜನಕ್ಕೆ ಅವರ ಹೆಸರು ಗೊತ್ತಿರಲಿಲ್ಲ. ಬರುವವರು ಅವರ ಮುಖ ನೋಡದೆ ಕೈ ಚಾಚುತ್ತಿದ್ದರು, ಇವರು ಗ್ಲಾಸು ಕೊಡುತ್ತಿದ್ದರು.

ಈ ಸಲ ಬಾವುಟದ ಕೆಲಸ ನೋಡುತ್ತಿದ್ದವರು ಪುಣೆಗೆ ಮನೆ ಬದಲಿಸಿದ್ದರು. ಸಭೆಯಲ್ಲಿ ಕಾರ್ಯದರ್ಶಿ ಕೇಶವಮೂರ್ತಿಯವರು ಈ ಹೊಣೆ ಯಾರು ಹೊರುತ್ತೀರಿ ಎಂದು ಕೇಳಿದರು. ಕೇಶವಮೂರ್ತಿ ಮೈಸೂರಿನವರು, ವಿಮಾ ಕಚೇರಿಯಿಂದ ನಿವೃತ್ತರಾದವರು, ಪ್ರತಿ ವಾಕ್ಯಕ್ಕೂ ಇಸ್ತ್ರಿ ಹಾಕಿ ಮಾತಾಡುವವರು. ಅವರು ಪ್ರಶ್ನೆ ಕೇಳಿದ ತಕ್ಷಣ ಸಭೆಯಲ್ಲಿದ್ದವರೆಲ್ಲ ತಂತಮ್ಮ ಮೊಬೈಲಿನಲ್ಲಿ ಏನೋ ತುರ್ತಾಗಿ ನೋಡತೊಡಗಿದರು. ಚನ್ನಬಸಯ್ಯನವರ ಮೊಬೈಲು ಮನೆಯಲ್ಲಿ ಚಾರ್ಜಿಗೆ ಇತ್ತು. ಹಾಗಾಗಿ ಅವರೊಬ್ಬರೇ ಕಾರ್ಯದರ್ಶಿಯ ಮುಖ ನೋಡುತ್ತಿದ್ದರು.

"ಸರಿ, ಚನ್ನಬಸಯ್ಯನವರಿಗೇ ಇರಲಿ," ಎಂದರು ಕೇಶವಮೂರ್ತಿ. "ಕೈಯಲ್ಲಿ ಹಿಡಿಯೋ ಬಾವುಟ, ಮತ್ತೆ ವೇದಿಕೆ ಹಿಂದೆ ಒಂದು ದೊಡ್ಡದು. ಮೇಲೆ ಹಳದಿ, ಕೆಳಗೆ ಕೆಂಪು. ಇದರಲ್ಲಿ ತಪ್ಪು ಮಾಡೋಕೆ ಏನೂ ಇಲ್ಲ ಬಿಡಿ."

ಮನೆಗೆ ಬಂದು ಹೇಳಿದಾಗ ಹೆಂಡತಿ ದಾನವ್ವ ಬಡಿಯುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟರು.

"ಬಾವುಟಾ? ನಿಮಗ ಕೊಟ್ರ?"

"ನನಗಽ ಕೊಟ್ರು."

"ಅಷ್ಟ್ ಮಂದ್ಯಾಗ ನಿಮ್ಮನ್ನ ಹುಡುಕಿ ಕೊಟ್ಟಾರಂದ್ರ ನಿಮ್ಮೊಳಗ ಅವರಿಗೆ ಏನೋ ಕಂಡಿರಬೇಕ್ ನೋಡ್ರಿ."

ಮೊಬೈಲು ಚಾರ್ಜಿಗಿದ್ದ ಸಂಗತಿಯನ್ನು ಚನ್ನಬಸಯ್ಯ ಹೇಳಲಿಲ್ಲ. ರೊಟ್ಟಿ ಬೇಯುವಷ್ಟರಲ್ಲಿ ದಾನವ್ವ ಎದುರು ಕಿಟಕಿಯ ಮರಾಠಿ ನೆರೆಯಾಕೆ ಸ್ನೇಹಲ್ ವೈನಿಗೆ ಸುದ್ದಿ ಹೇಳಿದ್ದರು, ಊಟವಾಗುವಷ್ಟರಲ್ಲಿ ವಿಜಯಪುರದ ತಮ್ಮ ಅಣ್ಣನಿಗೆ ಫೋನು ಮಾಡಿದ್ದರು. ಇಷ್ಟು ವರ್ಷ ಗಂಡ ನೀರು ಕೊಡುತ್ತಾನೆಂದು ಯಾರಿಗೂ ಹೇಳದೆ ಇದ್ದ ಆಕೆ ಒಂದೇ ರಾತ್ರಿಯಲ್ಲಿ ಎಲ್ಲ ಬಾಕಿಯನ್ನೂ ತೀರಿಸಿಕೊಂಡರು. ಈಗ ಈ ಕೆಲಸ ಕೆಟ್ಟರೆ ಬಳಗದ ಮುಂದೆ ಮಾತ್ರವಲ್ಲ, ಹೆಂಡತಿಯ ಮುಂದೆ ಹೇಗೆ ತಲೆಯೆತ್ತುವುದೆಂಬ ಚಿಂತೆ ಚನ್ನಬಸಯ್ಯನವರಿಗೆ ಅಂದೇ ಹತ್ತಿತು.

ಬಾವುಟದ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆದು ಗ್ರಾಂಟ್ ರೋಡಿನ ಪ್ರಿಂಟಿಂಗ್ ಅಂಗಡಿಗೆ ಕಳಿಸಬೇಕಿತ್ತು. ಹಗಲೆಲ್ಲ ಆಫೀಸು. ರಾತ್ರಿ ಊಟದ ನಂತರ ಮಗಳು ವೈಶಾಲಿಯ ಹಳೆಯ ಲ್ಯಾಪ್‌ಟಾಪ್ ತೆರೆದರೆ ಬಿಳಿ ಬೆಳಕು ಕಣ್ಣಿಗೆ ಚುಚ್ಚಿತು. ರಾತ್ರಿ ಸ್ಕ್ರೀನಿನ ಬೆಳಕನ್ನು ಹಿತವಾಗಿಸುವ ಸಾಫ್ಟ್‌ವೇರುಗಳಿವೆ ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ದೊಡ್ಡ ಕೆಲಸಕ್ಕೆ ಕೂರುವ ಮುನ್ನ ಕಣ್ಣಿನ ವ್ಯವಸ್ಥೆ ಆಗಲೇಬೇಕೆಂದು ಚನ್ನಬಸಯ್ಯ ತೀರ್ಮಾನಿಸಿದರು. ಕೆಲಸ ಹಾಗೇ ಉಳಿಯಿತು, ವ್ಯವಸ್ಥೆ ಶುರುವಾಯಿತು.

ಮೊದಲು ಹಾಕಿಕೊಂಡ ಸಾಫ್ಟ್‌ವೇರು ಬೆಳಕನ್ನು ಕಡಿಮೆ ಮಾಡುವುದರಲ್ಲಿ ಬಹಳ ಪ್ರಾಮಾಣಿಕವಾಗಿತ್ತು. ಕತ್ತಲು ಎಷ್ಟಾಯಿತೆಂದರೆ ಅದನ್ನು ತೆಗೆದುಹಾಕುವ ಗುಂಡಿ ಎಲ್ಲಿದೆಯೆಂದು ಹುಡುಕಲು ದಾನವ್ವ ಟಾರ್ಚು ಹಿಡಿಯಬೇಕಾಯಿತು.

ಎರಡನೆಯದು ಬಿಳಿಯನ್ನು ಕಪ್ಪು, ಕಪ್ಪನ್ನು ಬಿಳಿ ಮಾಡುತ್ತಿತ್ತು. ಅಕ್ಷರ ಓದಲು ಚೆನ್ನಾಗಿತ್ತು. ಆದರೆ ಅದೇ ಹೊತ್ತಿಗೆ ದಾನವ್ವ ಹಿಂದಿನಿಂದ ಬಂದು, ಸ್ಕ್ರೀನಿನಲ್ಲಿದ್ದ ತಮ್ಮ ಅಣ್ಣನ ನಗುಮುಖದ ಫೋಟೋ ನೋಡಿದರು.

"ಅಯ್ಯ, ಅಣ್ಣನ ಹಲ್ಲು ನೋಡ್ರಿ ಎಷ್ಟ್ ಕರ್ರಗಾಗ್ಯಾವು! ಗುಟ್ಕಾ ಶುರು ಮಾಡ್ಯಾನ!"

ಚನ್ನಬಸಯ್ಯ ಬಾಯಿ ತೆರೆಯುವಷ್ಟರಲ್ಲಿ ಫೋನು ವಿಜಯಪುರ ಮುಟ್ಟಿತ್ತು. ಆ ಕಡೆ ಅಣ್ಣ ದೇವರ ಮೇಲೆ ಆಣೆಯಿಟ್ಟ, ಮಕ್ಕಳ ಮೇಲೆ ಆಣೆಯಿಟ್ಟ. ಕೊನೆಗೆ ಅತ್ತಿಗೆ ಫೋನು ಇಸಿದುಕೊಂಡು, ತನಗೆ ಮೊದಲಿನಿಂದಲೂ ಅನುಮಾನವಿತ್ತು ಎಂದಳು. ಆ ಮನೆಯಲ್ಲಿ ಎರಡು ದಿನ ಗಂಡ ಹೆಂಡಿರ ನಡುವೆ ಮಾತಿರಲಿಲ್ಲ.

ಮೂರನೆಯದು ಆರೋಗ್ಯದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಸ್ವಲ್ಪ ಹೊತ್ತಿಗೊಮ್ಮೆ ಸ್ಕ್ರೀನು ಮುಚ್ಚಿ, ಕಿಟಕಿಯಿಂದ ದೂರದ ವಸ್ತುವೊಂದನ್ನು ನೋಡಿರಿ ಎಂದು ಆಜ್ಞೆ ಮಾಡುತ್ತಿತ್ತು. ಅವರ ಕಿಟಕಿಯಿಂದ ಕಾಣುವ ಅತಿ ದೂರದ ವಸ್ತುವೆಂದರೆ ಸ್ನೇಹಲ್ ವೈನಿಯ ಅಡುಗೆಮನೆ. ಚನ್ನಬಸಯ್ಯ ಆಜ್ಞೆಯಂತೆ ನೋಡಿದರು.

"ಕಾಯ್ ಪಾಹಿಜೆ, ಭಾವೂಜಿ?" ಏನು ಬೇಕೆಂದು ವೈನಿ ಕೇಳಿದರು.

ಸುಮ್ಮನೆ ನೋಡುತ್ತಿದ್ದೇನೆ ಎನ್ನಲು ಧೈರ್ಯ ಸಾಲದೆ ಇವರು "ಸಕ್ಕರಿ" ಎಂದರು. ಒಂದು ಬಟ್ಟಲು ಸಕ್ಕರೆ ಬಂತು. ಮುಂದಿನ ಸಲ ಚಹಾಪುಡಿ ಬಂತು. ಅದರ ಮುಂದಿನ ಸಲ ವೈನಿ ತಾವೇ ಬಂದು, "ದಾನವ್ವ ವೈನಿ, ಮನೇಲಿ ಏನಾದ್ರೂ ಅಡಚಣೆ ಇದ್ರೆ ಸಂಕೋಚ ಬೇಡ," ಎಂದು ಮರಾಠಿ ಬೆರೆತ ಹಿಂದಿಯಲ್ಲಿ ದಾನವ್ವನ ಕೈ ಹಿಡಿದು ಹೇಳಿದರು. ಆ ಸಾಫ್ಟ್‌ವೇರು ಅಂದೇ ಮನೆಯಿಂದ ಹೊರಬಿತ್ತು.

ನಾಲ್ಕನೆಯದೇ ಕೊನೆಗೆ ನಿಂತದ್ದು. ಅದು ಸೂರ್ಯ ಮುಳುಗಿದ ಕೂಡಲೇ ಸ್ಕ್ರೀನಿನ ಬಿಳಿ ಬೆಳಕನ್ನು ತಾನಾಗಿ ದೀಪದ ಬೆಳಕಿನ ಬಣ್ಣಕ್ಕೆ ತಿರುಗಿಸುತ್ತಿತ್ತು, ಬೆಳಗಾದ ಮೇಲೆ ಮತ್ತೆ ಬಿಳಿ ಮಾಡುತ್ತಿತ್ತು. ಹಾಗೆ ಮಾಡಲು ಅದಕ್ಕೆ ಒಂದು ವಿಷಯ ತಿಳಿಯಬೇಕಿತ್ತು. ನಿಮ್ಮ ಊರು ಯಾವುದು ಎಂದು ಅದು ಕೇಳಿತು. ಚನ್ನಬಸಯ್ಯನವರನ್ನು ಯಾರೇ ಈ ಪ್ರಶ್ನೆ ಕೇಳಲಿ, ಅವರ ಉತ್ತರ ಒಂದೇ. ಅವರು ವಿಜಯಪುರ ಎಂದು ಬರೆದರು. ಅಂದಿನಿಂದ ಭಾಂಡುಪಿನ ಆ ಲ್ಯಾಪ್‌ಟಾಪಿನ ಪಾಲಿಗೆ ಸೂರ್ಯ ಮುಳುಗುವುದು ವಿಜಯಪುರದಲ್ಲಿ. ಮುಂಬಯಿಯಲ್ಲಿ ಇನ್ನೂ ಬಿಸಿಲಿರುವಾಗಲೇ ಸ್ಕ್ರೀನು ಹೊಂಬಣ್ಣಕ್ಕೆ ತಿರುಗಿದರೆ ಚನ್ನಬಸಯ್ಯ, "ಈಗ ಊರಾಗ ದೀಪಾ ಹಚ್ಚತಾರ," ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಆ ಕ್ಷಣದಲ್ಲಿ ಅವರಿಗೆ ನಿಜಕ್ಕೂ ಸುಖವಾಗುತ್ತಿತ್ತು.

ಬಣ್ಣ ಎಷ್ಟು ಗಾಢವಿರಬೇಕೆಂದು ಕೇಳಿದಾಗ ಅವರು ಕೊನೆಯ ಗುರುತಿನ ತನಕ ಎಳೆದರು. ಬಣ್ಣಗಳ ಕೆಲಸವಿದ್ದರೆ ಇದನ್ನು ನಿಲ್ಲಿಸಿಕೊಳ್ಳಿ ಎಂಬ ಅರ್ಥದ ಇಂಗ್ಲಿಷ್ ಸೂಚನೆಯೊಂದು ಬಂತು. ನಾವೆಲ್ಲರೂ ಮಾಡುವಂತೆ ಅವರೂ ಓದದೆ ಓಕೆ ಒತ್ತಿದರು.

"ಇದಕ್ಕ ಕಾಮಾಲಿ ಆಗೇತ್ರಿ," ಎಂದರು ದಾನವ್ವ, ಸ್ಕ್ರೀನು ನೋಡಿ.

"ಕಾಮಾಲಿ ಅಲ್ಲ, ಆರಾಮ ಐತಿ. ನೋಡು, ಕಣ್ಣು ಹೆಂಗ ತಂಪ ಅಕ್ಕಾವು."

ಹೊಸ ಸುಖ ಸಿಕ್ಕವರು ಅದನ್ನು ಒಬ್ಬರೇ ಇಟ್ಟುಕೊಳ್ಳುವುದಿಲ್ಲ. ಕೇಶವಮೂರ್ತಿ ಕಣ್ಣು ಉರಿಯುತ್ತದೆಂದು ಹೇಳಿದ್ದೇ ತಡ, ಚನ್ನಬಸಯ್ಯ ಅವರ ಮನೆಗೆ ಹೋಗಿ ಅವರ ಲ್ಯಾಪ್‌ಟಾಪಿಗೂ ಅದನ್ನೇ ಹಾಕಿಕೊಟ್ಟರು. ಊರು ಕೇಳಿದಾಗ ಇವರು ವಿಜಯಪುರ ಎನ್ನಲು ಹೊರಟರು. ಕಾರ್ಯದರ್ಶಿ ಅವರ ಕೈ ತಡೆದು, "ಮೈಸೂರು ಹಾಕಿ," ಎಂದರು. ಒಂದೇ ಬಳಗದಲ್ಲಿ ಎರಡು ಸೂರ್ಯರು ಮುಳುಗತೊಡಗಿದರು.

ಈ ವ್ಯವಸ್ಥೆಯೆಲ್ಲ ಮುಗಿಯುವಷ್ಟರಲ್ಲಿ ಬಾವುಟ ಕಳಿಸಲು ಉಳಿದದ್ದು ಒಂದೇ ರಾತ್ರಿ. ಚನ್ನಬಸಯ್ಯ ಮಿಂದು, ವಿಭೂತಿ ಧರಿಸಿ, ಲ್ಯಾಪ್‌ಟಾಪಿನ ಮುಂದೆ ಕೂತರು. ಒಂದು ಚೌಕ ಎಳೆದು ಕೆಳಗಿನ ಅರ್ಧಕ್ಕೆ ಕೆಂಪು ತುಂಬಿದರು. ಕೆಂಪು ಕೆಂಪಾಗಿಯೇ ಬಂತು. ಮೇಲಿನ ಅರ್ಧಕ್ಕೆ ಹಳದಿ ತುಂಬಿದರು. ಏನೂ ಆಗಲಿಲ್ಲ. ತುಂಬಿದ್ದನ್ನು ತೆಗೆದರು. ಆಗಲೂ ಏನೂ ಆಗಲಿಲ್ಲ. ಮತ್ತೆ ತುಂಬಿ ಮತ್ತೆ ತೆಗೆದು, ಕೊನೆಗೆ ಅವರಿಗೆ ವಿಷಯ ಹೊಳೆಯಿತು. ಹಾಳೆಯೇ ಹಳದಿಯಾಗಿದೆ! ಇರುವ ಹಳದಿಯ ಮೇಲೆ ಇನ್ನೊಂದು ಹಳದಿ ಬಳಿಯುವುದು ದಂಡವೆಂದು ಅವರು ಮೇಲಿನ ಅರ್ಧವನ್ನು ಹಾಗೆಯೇ ಬಿಟ್ಟರು. ಕಾರ್ಯದರ್ಶಿಗೂ ಒಂದು ಪ್ರತಿ ಕಳಿಸಿದರು. ಕೇಶವಮೂರ್ತಿ ತಮ್ಮ ಲ್ಯಾಪ್‌ಟಾಪಿನಲ್ಲಿ ನೋಡಿ ತಕ್ಷಣ ಉತ್ತರಿಸಿದರು: "ಬಹಳ ಚೆನ್ನಾಗಿದೆ. ಹಳದಿ ವಿಶೇಷವಾಗಿ ಚೆನ್ನಾಗಿದೆ."

ಮರುದಿನ ಗ್ರಾಂಟ್ ರೋಡಿನಿಂದ ಪ್ರಿಂಟಿಂಗ್ ಅಂಗಡಿಯ ರಮಾನಾಥರು ಫೋನು ಮಾಡಿದರು. ಅವರು ಕುಂದಾಪುರದ ಕಡೆಯವರು.

"ಚನ್ನಬಸಯ್ಯನವರೇ, ಕೆಳಗೆ ಕೆಂಪು ಉಂಟು. ಮೇಲೆ ಎಂತದೂ ಇಲ್ಲವಲ್ಲ ಮಾರಾಯ್ರೇ?"

"ಇಲ್ಲಾ ಅಂದ್ರ? ಹಳದಿ ಐತೆಲ್ರೀ."

"ನನಗೆ ಕಾಣುವುದಿಲ್ಲಪ್ಪ."

"ನಿಮ್ಮ ಕಂಪ್ಯೂಟರ್ ಹಳೇದೇನ್ರಿ?"

"ಹೊಸತು ಮಾರಾಯ್ರೇ."

"ಹಂಗಾರ ಕಣ್ಣು ತೋರಿಸ್ಕೋರಿ. ನನಗ ಕಂಡೈತಿ, ನಮ್ಮ ಸೆಕ್ರೆಟರಿ ಸಾಹೇಬ್ರಿಗಿ ಕಂಡೈತಿ. ಹಳದಿ ವಿಶೇಷ ಛಲೋ ಐತಿ ಅಂತ ಬರದು ಕೊಟ್ಟಾರ."

ಕನ್ನಡದ ಬಾವುಟ ಹೇಗಿರುತ್ತದೆಂದು ರಮಾನಾಥರಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಮುಂಬಯಿಯಲ್ಲಿ ಅಂಗಡಿ ಇಟ್ಟ ಮೇಲೆ ಅವರು ಎಷ್ಟೋ ಸಂಘಗಳು ಒಡೆದದ್ದನ್ನು ಕಂಡಿದ್ದರು. ಒಡೆದ ಪ್ರತಿ ಬಣವೂ ಬೇರೆ ಹೆಸರು, ಬೇರೆ ಲಾಂಛನ ಮಾಡಿಸಿಕೊಂಡು ಹೋಗಿತ್ತು. ಭಾಂಡುಪಿನಲ್ಲೂ ಬಳಗ ಎರಡಾಗಿ, ಹೊಸ ಬಣ ಹೊಸ ಬಾವುಟ ಮಾಡಿಕೊಂಡಿರಬೇಕು, ಇವರಿಬ್ಬರ ನಡುವೆ ನನಗೇಕೆ ಉಸಾಬರಿ ಎಂದು ಅವರು ಎಣಿಸಿದರು.

"ಹಾಗಾದರೆ ಫೈಲಿನಲ್ಲಿ ಇದ್ದದ್ದು ಇದ್ದ ಹಾಗೆ ಪ್ರಿಂಟ್ ಮಾಡ್ತೇನೆ. ಆಮೇಲೆ ನನ್ನನ್ನು ಕೇಳಬಾರದು."

"ಒಂಚೂರೂ ಬದಲಾಗಬಾರದ್ರಿ," ಎಂದು ಚನ್ನಬಸಯ್ಯ ತಾಕೀತು ಮಾಡಿದರು.

ಶನಿವಾರ ಸಂಜೆ ಕಟ್ಟು ಬಂತು. ಕಂದು ಕಾಗದ ಸುತ್ತಿ ಹುರಿಯಿಂದ ಬಿಗಿದ ದೊಡ್ಡ ಕಟ್ಟು. ಚನ್ನಬಸಯ್ಯ ಕತ್ತರಿ ತಂದರು. ದಾನವ್ವ ಬಿಡಲಿಲ್ಲ. ಹೊಸ ವಸ್ತುವನ್ನು ಪೂಜೆ ಮಾಡದೆ ಬಿಚ್ಚುವ ಪದ್ಧತಿ ಆಕೆಯ ತವರಿನಲ್ಲಿ ಇರಲಿಲ್ಲ. ಕಟ್ಟನ್ನು ದೇವರ ಮುಂದಿಟ್ಟು, ವಿಭೂತಿ ಹಚ್ಚಿ, ಹೂವೇರಿಸಿ, "ನಾಳೆ ನಾಕ ಮಂದಿ ಮುಂದ ಬಿಚ್ಚೂಣು," ಎಂದರು. ಆ ರಾತ್ರಿ ಕಟ್ಟು ದೇವರ ಜೊತೆಯೇ ಉಳಿಯಿತು.

ಭಾನುವಾರ ಮಧ್ಯಾಹ್ನ ಬಿಲ್ಡಿಂಗಿನ ಹಾಲಿನಲ್ಲಿ ನಾಲ್ಕಕ್ಕಿಂತ ಹೆಚ್ಚೇ ಮಂದಿ ಸೇರಿದ್ದರು. ಸಂಜೆ ಐದಕ್ಕೆ ಕಾರ್ಯಕ್ರಮ. ಚನ್ನಬಸಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಹೆಂಗಸರ ಸಾಲಿನ ಮುಂದೆ ದಾನವ್ವ ನಿಂತಿದ್ದರು. ಕೇಶವಮೂರ್ತಿ ಹುರಿ ಕತ್ತರಿಸಿದರು, ಕಾಗದ ಬಿಡಿಸಿದರು, ಮೇಲಿನ ಬಾವುಟವನ್ನು ಎತ್ತಿ ಹಿಡಿದರು.

ಕೆಳಗೆ ಕೆಂಪು. ಮೇಲೆ ಹಾಲಿನಂಥ ಬಿಳುಪು.

ಇನ್ನೊಂದನ್ನು ಎತ್ತಿದರು. ಅದೂ ಹಾಗೆಯೇ. ವೇದಿಕೆಯ ಹಿಂದಿನ ದೊಡ್ಡ ಬಾವುಟವನ್ನು ಇಬ್ಬರು ಹಿಡಿದು ಬಿಡಿಸಿದರು. ಅದು ದೊಡ್ಡದಾಗಿದ್ದರಿಂದ ಬಿಳುಪೂ ದೊಡ್ಡದಾಗಿತ್ತು.

"ಏನ್ರೀ ಇದು ಚನ್ನಬಸಯ್ಯನವರೇ?" ಕೇಶವಮೂರ್ತಿಯವರ ದನಿಯ ಇಸ್ತ್ರಿ ಮೊದಲ ಸಲ ಕೆಟ್ಟಿತ್ತು. "ಹಳದಿ ಎಲ್ರೀ?"

ಚನ್ನಬಸಯ್ಯ ಬಾವುಟವನ್ನು ತಿರುಗಿಸಿ ಹಿಂಬದಿ ನೋಡಿದರು. ಹಳದಿ ಅಲ್ಲಿಯೂ ಇರಲಿಲ್ಲ.

ಅದೇ ಹೊತ್ತಿಗೆ ಧ್ವನಿವರ್ಧಕದ ಪರವಾನಗಿ ನೋಡಲು ಪೊಲೀಸ್ ಹವಾಲ್ದಾರ ಅಮೋಲ್ ಒಳಗೆ ಬಂದರು. ಒಳ್ಳೆಯ ಮನುಷ್ಯ, ಪ್ರತಿ ವರ್ಷ ಬಂದು ಉಪ್ಪಿಟ್ಟು ತಿಂದು ಹೋಗುವವರು. ಅವರು ಬಾವುಟವನ್ನು ನೋಡಿದರು, ಪರವಾನಗಿಯ ಕಾಗದವನ್ನು ನೋಡಿದರು, ಮತ್ತೆ ಬಾವುಟವನ್ನು ನೋಡಿದರು. ಪ್ರತಿ ವರ್ಷ ನೋಡಿದ್ದು ಇದಲ್ಲವಲ್ಲ ಎಂದು ಅನಿಸಿರಬೇಕು, ಮೊಬೈಲು ತೆಗೆದು ಬಾವುಟದ ಫೋಟೋ ಹೊಡೆದು ಹುಡುಕಿದರು.

"ಪೋಲಂಡ್," ಎಂದರು.

"ಏನು?"

"ಹಾ ಪೋಲಂಡಚಾ ಝೆಂಡಾ ಆಹೆ ಸಾಹೇಬ್." ಹವಾಲ್ದಾರರು ಮೊಬೈಲನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದರು. ಮೇಲೆ ಬಿಳಿ, ಕೆಳಗೆ ಕೆಂಪು. ಯೂರೋಪಿನ ಪೋಲಂಡ್ ದೇಶದ ಧ್ವಜ ಅಲ್ಲಿ ನಿಶ್ಚಿಂತೆಯಿಂದ ಹಾರುತ್ತಿತ್ತು. "ಪರ್ಮಿಶನ್ ಕರ್ನಾಟಕ ಕಾ ಲಿಯಾ, ಝೆಂಡಾ ಪೋಲಂಡ್ ಕಾ ಲಗಾಯಾ. ಫಾರೆನ್ ಕಾ ಮಾಮ್ಲಾ ಹೈ. ಊಪರ್ ಪೂಛನಾ ಪಡೇಗಾ."

ಪರವಾನಗಿ ಕರ್ನಾಟಕದ್ದು, ಬಾವುಟ ಪೋಲಂಡಿನದು, ವಿದೇಶದ ಸಂಗತಿಯಾದ್ದರಿಂದ ಮೇಲಿನವರನ್ನು ಕೇಳಬೇಕಾಗುತ್ತದೆ ಎಂಬ ಮಾತು ಕೇಳಿ ಕೇಶವಮೂರ್ತಿ ಕುರ್ಚಿ ಹಿಡಿದುಕೊಂಡರು. ಮೂವತ್ತು ವರ್ಷ ವಿಮೆ ಮಾಡಿಸಿದ ಆ ಮನುಷ್ಯನಿಗೆ ಇಂಥ ಅಪಾಯವೊಂದಿದೆ ಎಂದು ಗೊತ್ತೇ ಇರಲಿಲ್ಲ.

"ನಾನು ಮಾಡಿದ್ದು ಹಳದಿನೇ ರೀ!" ಎಂದು ಚನ್ನಬಸಯ್ಯ ಕೊನೆಗೆ ಕೂಗಿದರು. "ನಿಮಗೂ ಕಳಿಸೀನಿ. ವಿಶೇಷ ಛಲೋ ಐತಿ ಅಂದೀರಿ. ತಡೀರಿ, ಲ್ಯಾಪ್‌ಟಾಪ್ ತರ್ತೀನಿ. ಕಣ್ಣಾರೆ ನೋಡ್ರಿ!"

ಅವರು ಮೆಟ್ಟಿಲು ಹತ್ತಿ ಓಡಿದರು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಇಳಿದು ಬಂದರು. ಹಿಂದೆಯೇ ವೈಶಾಲಿಯೂ ಬಂದಳು. ಕಾರ್ಯದರ್ಶಿ, ಹವಾಲ್ದಾರ, ದಾನವ್ವ, ಬಳಗದವರೆಲ್ಲ ಸುತ್ತ ಮುತ್ತಿದರು. ಚನ್ನಬಸಯ್ಯ ಬಾವುಟದ ಚಿತ್ರವನ್ನು ಗೆಲುವಿನ ಮುಖದಲ್ಲಿ ತೆರೆದರು.

ಕೆಳಗೆ ಕೆಂಪು. ಮೇಲೆ ಬಿಳಿ.

"ಈಗ ಬಿಳಿ ಕಾಣತೈತಿ," ಎಂದರು ಚನ್ನಬಸಯ್ಯ. "ಸಂಜೀ ಆಗ್ಲಿ, ಹಳದಿ ಅಕ್ಕೈತಿ."

"ಸಂಜೆಗೆ ಹಳದಿ ಆಗುತ್ತಾ?" ಕೇಶವಮೂರ್ತಿ ಕೇಳಿದರು.

"ಹೌದ್ರಿ. ವಿಜಯಪುರದಾಗ ಹೊತ್ತು ಮುಳುಗಬೇಕು. ಮುಳುಗಿದ ಕೂಡ್ಲೇ ಅಕ್ಕೈತಿ. ಅಲ್ಲೀತನಾ ದಯಮಾಡಿ ಎಲ್ಲಾರೂ ತಡೀರಿ."

ಹವಾಲ್ದಾರ ಅಮೋಲ್ ಈ ಮಾತನ್ನು ಪಕ್ಕದವರಿಂದ ಹಿಂದಿಗೆ ಮಾಡಿಸಿಕೊಂಡು ಕೇಳಿದರು. ಕೇಳಿದ ಮೇಲೆ ಅವರು ಚನ್ನಬಸಯ್ಯನವರ ಭುಜದ ಮೇಲೆ ಕೈಯಿಟ್ಟು, ಕೂತುಕೊಳ್ಳಿ ಎಂದು ಬಹಳ ಮೃದುವಾಗಿ ಹೇಳಿದರು. ಪರವಾನಗಿಯ ಕಾಗದವನ್ನು ಮಡಚಿ ಜೇಬಿಗಿಟ್ಟರು.

ಅರ್ಥವಾದದ್ದು ವೈಶಾಲಿಗೆ. "ಪಪ್ಪಾ, ವೋ ನೈಟ್ ವಾಲಾ ಸಾಫ್ಟ್‌ವೇರ್! ಅದು ಬರೀ ಸ್ಕ್ರೀನ್ ಹಳದಿ ಮಾಡ್ತದ. ಫೈಲ್ ಮೇ ಕುಛ್ ನಹೀಂ, ಅದರಾಗ ಏನೂ ಬದಲಾಗಂಗಿಲ್ಲ." ಎರಡು ಗುಂಡಿ ಒತ್ತಿ ಅವಳು ಸಾಫ್ಟ್‌ವೇರನ್ನು ಎಬ್ಬಿಸಿದಳು. ಸ್ಕ್ರೀನಿಗೆ ಸ್ಕ್ರೀನೇ ಹಳದಿಯಾಯಿತು, ಪೋಲಂಡ್ ಕರ್ನಾಟಕವಾಯಿತು. ನಿಲ್ಲಿಸಿದಳು, ಮತ್ತೆ ಪೋಲಂಡ್. ಅವಳು ಹೀಗೆ ನಾಲ್ಕು ಸಲ ಮಾಡಿ ತೋರಿಸಿದಳು. ಒಂದು ಸಲ ಸಾಕಿತ್ತು.

ಹಾಲಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಚನ್ನಬಸಯ್ಯ ಹೆಂಡತಿಯ ಮುಖ ನೋಡಲಾರದೆ ಲ್ಯಾಪ್‌ಟಾಪಿನ ಮುಚ್ಚಳವನ್ನೇ ಒರೆಸುತ್ತ ಕೂತರು. ಇಷ್ಟು ವರ್ಷಗಳ ಮೇಲೆ ಸಿಕ್ಕ ಒಂದು ಕೆಲಸ ಕೈಯಾರೆ ಹಾಳಾಗಿತ್ತು. ಕೇಶವಮೂರ್ತಿ ಏನೋ ಬಯ್ಯಲು ಬಾಯಿ ತೆರೆದರು. ತಾವು ಬರೆದುಕೊಟ್ಟ ಎರಡು ಸಾಲು ನೆನಪಾಗಿ ಮುಚ್ಚಿದರು.

ಆಗ ಬಾಗಿಲಲ್ಲಿ ಗಂಟೆಯ ಸದ್ದಾಯಿತು. ಸ್ನೇಹಲ್ ವೈನಿ ಪೈಠಣಿ ಸೀರೆ ಉಟ್ಟು, ಮೂಗಿಗೆ ನತ್ತು ಇಟ್ಟು, ಆರತಿ ತಟ್ಟೆ ಹಿಡಿದು ನಿಂತಿದ್ದರು. ಹಿಂದೆ ಬಿಲ್ಡಿಂಗಿನ ಐದಾರು ಹೆಂಗಸರು. ಪೋಲಂಡಿನವರು ಬರುತ್ತಿದ್ದಾರಂತೆ ಎಂಬ ಸುದ್ದಿ ಹಾಲಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಏಳನೆಯ ಮಹಡಿಗೆ ಹೋಗಿ, ಅಲ್ಲಿ ದೊಡ್ಡದಾಗಿ ಕೆಳಗಿಳಿದಿತ್ತು.

"ಕುಠೆ ಆಹೇತ್ ಪಾಹುಣೆ?" ವಿದೇಶಿ ಅತಿಥಿಗಳು ಎಲ್ಲಿ ಎಂದು ವೈನಿ ಸಭೆಯನ್ನೆಲ್ಲ ಕಣ್ಣಲ್ಲೇ ಹುಡುಕಿದರು. ಹುಡುಕುವ ಭರದಲ್ಲಿ ತಟ್ಟೆ ವಾಲಿತು. ತಟ್ಟೆಯಲ್ಲಿದ್ದ ಅರಿಶಿನದ ಬಟ್ಟಲು ಮಗುಚಿ, ಮೇಜಿನ ಮೇಲೆ ಹರಡಿದ್ದ ಬಾವುಟದ ಬಿಳಿಯ ಅರ್ಧದ ಮೇಲೆ ಚೆಲ್ಲಿತು. ವೈನಿ ಅಯ್ಯಯ್ಯೋ ಎಂದು ಒದ್ದೆ ಕೈಯಿಂದ ಒರೆಸಲು ಹೋದರು. ಒರೆಸಿದಷ್ಟೂ ಅದು ಹರಡಿತು.

ದಾನವ್ವ ಹತ್ತಿರ ಬಂದರು. ಬಗ್ಗಿ ನೋಡಿದರು. ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಅರಿವೆ ಹತ್ತಿಯದಾಗಿತ್ತು.

"ವೈನಿ, ಮನ್ಯಾಗ ಹಳದಿ ಎಷ್ಟೈತಿ?" ಎಂದು ಕೇಳಿದರು.

ಆಮೇಲಿನದ್ದನ್ನು ವಿವರಿಸುವುದಕ್ಕಿಂತ ಕಣ್ಣಾರೆ ನೋಡಬೇಕಿತ್ತು. ಕನ್ನಡಿಗರ ಮನೆಯ ಅರಿಶಿನ ಮೊದಲ ಬಕೆಟ್ಟಿಗೇ ಮುಗಿಯಿತು. ವೈನಿ ಮಹಡಿ ಮಹಡಿಯ ಬಾಗಿಲು ಬಡಿದರು. ಮರಾಠಿಗರ ಡಬ್ಬಿ ಬಂತು, ಗುಜರಾತಿಗಳ ಡಬ್ಬಿ ಬಂತು, ಹೊಸ ಮದುವೆಯಾದ ಒಂದು ಮನೆಯಿಂದ ಮದುವೆಗೆ ತಂದು ಉಳಿದಿದ್ದ ಚೀಲವೇ ಬಂತು. ಟೆರೇಸಿನಲ್ಲಿ ಬಕೆಟ್ಟುಗಳ ಸಾಲು. ಕೆಂಪಿನ ಅರ್ಧವನ್ನು ಮೇಲಕ್ಕೆ ಹಿಡಿದು ಬಿಳಿಯ ಅರ್ಧವನ್ನು ಅದ್ದುವುದು, ಹಿಂಡುವುದು, ಹಗ್ಗಕ್ಕೆ ಹಾಕುವುದು. ದಾನವ್ವ ಸೆರಗು ಸಿಕ್ಕಿಸಿ ನಡುವೆ ನಿಂತು, "ಅರ್ಧಕ್ಕ ನಿಲ್ಲಸ್ರಿ! ಕೆಂಪಿಗಿ ಮುಟ್ಟಿಸಬ್ಯಾಡ್ರಿ!" ಎಂದು ಕನ್ನಡದಲ್ಲಿ ಕೂಗುತ್ತಿದ್ದರು. ಕನ್ನಡ ಬಾರದವರೂ ಸರಿಯಾಗಿ ಅರ್ಧಕ್ಕೇ ನಿಲ್ಲಿಸುತ್ತಿದ್ದರು. ದೊಡ್ಡ ಬಾವುಟವನ್ನು ಅದ್ದುವಷ್ಟು ದೊಡ್ಡ ಬಕೆಟ್ಟು ಯಾರ ಮನೆಯಲ್ಲೂ ಇರಲಿಲ್ಲ. ಅದನ್ನು ನೆಲಕ್ಕೆ ಹಾಸಿ ಚಿಂದಿಯಿಂದ ಬಳಿದರು. ಒಂದು ತುದಿಯನ್ನು ಹವಾಲ್ದಾರ ಅಮೋಲ್ ಹಿಡಿದಿದ್ದರು, ಇನ್ನೊಂದನ್ನು ಪ್ಯಾಂಟು ಮಡಚಿದ ಕೇಶವಮೂರ್ತಿ.

ಚನ್ನಬಸಯ್ಯ ಬಕೆಟ್ಟಿಗೆ ನೀರು ಹೊತ್ತರು. ಒಮ್ಮೆ ಹೆಂಡತಿಯ ಪಕ್ಕ ಬಕೆಟ್ಟು ಇಳಿಸುವಾಗ, "ತಪ್ಪಾತು," ಎಂದರು.

"ಮೊದಲ ನೀರು ಹಾಕ್ರಿ," ಎಂದರು ದಾನವ್ವ.

ನವೆಂಬರಿನ ಬಿಸಿಲು ಕೈಬಿಡಲಿಲ್ಲ. ಐದು ಗಂಟೆಗೆ ಹಾಲಿನ ತುಂಬ ಹಳದಿ ಕೆಂಪು ಬಾವುಟಗಳು. ಕೆಲವು ಇನ್ನೂ ತುಸು ಹಸಿಯಾಗಿದ್ದವು. ಹಳದಿ ಒಂದರಲ್ಲಿ ಗಾಢ, ಒಂದರಲ್ಲಿ ತೆಳು. ಇಡೀ ಹಾಲು ಒಗ್ಗರಣೆಗೆ ಮುಂಚಿನ ಅಡುಗೆಮನೆಯ ವಾಸನೆ ಹೊಡೆಯುತ್ತಿತ್ತು. ಹವಾಲ್ದಾರರು ಪರವಾನಗಿಯ ಕಾಗದವನ್ನು ಹಳದಿ ಬೆರಳಿನ ಗುರುತಿನೊಂದಿಗೆ ಹಿಂದಿರುಗಿಸಿ ಮುಂದಿನ ಸಾಲಿನಲ್ಲೇ ಕೂತರು.

ಮುಖ್ಯ ಅತಿಥಿಯಾಗಿ ಬೊರಿವಲಿಯಿಂದ ಬಂದವರು ಪಂಕಜಾ ಮೇಡಂ, ನಿವೃತ್ತ ಸಸ್ಯಶಾಸ್ತ್ರದ ಪ್ರಾಧ್ಯಾಪಕಿ. ಅವರು ಕೈಗೆ ಕೊಟ್ಟ ಬಾವುಟವನ್ನು ಮೂಸಿ ನೋಡಿದರು, ಮತ್ತೊಮ್ಮೆ ಮೂಸಿದರು. ಭಾಷಣಕ್ಕೆ ನಿಂತಾಗ ಬರೆದು ತಂದದ್ದನ್ನು ಪಕ್ಕಕ್ಕಿಟ್ಟರು.

"ಎಷ್ಟೋ ರಾಜ್ಯೋತ್ಸವಕ್ಕೆ ಹೋಗಿದ್ದೀನಿ. ಎಲ್ಲ ಕಡೆ ಪ್ಲಾಸ್ಟಿಕ್ ಬಾವುಟ. ಹತ್ತಿ ಬಟ್ಟೆಗೆ ನಿಜವಾದ ಅರಿಶಿನದ ಬಣ್ಣ ಹಾಕಿದ್ದು ಇಲ್ಲೇ ಮೊದಲು ನೋಡಿದ್ದು. ಯಾರದ್ದು ಈ ಆಲೋಚನೆ?"

ಕೇಶವಮೂರ್ತಿಯವರ ಕೈ ತಾನಾಗಿಯೇ ಮೈಕಿನ ಕಡೆ ಹೋಯಿತು. "ನಮ್ಮ ಕಾರ್ಯಕಾರಿ ಸಮಿತಿಯು ಪರಿಸರದ ದೃಷ್ಟಿಯಿಂದ ದೀರ್ಘವಾಗಿ ಚರ್ಚಿಸಿ..." ಎಂದು ಶುರು ಮಾಡಿದರು.

"ಸಮಿತಿ ಇರಲಿ ಸರ್. ಮಾಡಿದ್ದು ಯಾರು ಅಂತ ಕೇಳ್ತಿದ್ದೀನಿ. ಆ ವ್ಯಕ್ತಿಗೆ ನಾನೇ ಶಾಲು ಹೊದಿಸಬೇಕು."

ಬಾವುಟದ ಹೊಣೆ ಯಾರದೆಂದು ಕರಪತ್ರದಲ್ಲೇ ಅಚ್ಚಾಗಿತ್ತು. ಬೇರೆ ದಾರಿಯಿಲ್ಲದೆ ಕೇಶವಮೂರ್ತಿ, "ಶ್ರೀ ಚನ್ನಬಸಯ್ಯನವರು," ಎಂದರು. ಮೈಕಿನಲ್ಲಿ ತಮ್ಮ ಹೆಸರು ಕೇಳಿ ಚನ್ನಬಸಯ್ಯ ಎದ್ದು ನಿಂತರು. ಯಾರೋ ಅವರನ್ನು ವೇದಿಕೆಗೆ ತಳ್ಳಿದರು. ಶಾಲು ಹೆಗಲ ಮೇಲೆ ಬಂತು. ಚಪ್ಪಾಳೆ ಬಿತ್ತು. ಎಷ್ಟೋ ವರ್ಷ ಬಾಗಿಲ ಬಳಿಯಿಂದ ಕೇಳಿದ ಚಪ್ಪಾಳೆ ವೇದಿಕೆಯ ಮೇಲೆ ನಿಂತವನಿಗೆ ಇಷ್ಟು ಜೋರಾಗಿ ಕೇಳುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಎರಡು ಮಾತಾಡಿ ಎಂದರು ಮೇಡಂ.

ಸುಮ್ಮನೆ ವಂದನೆ ಹೇಳಿ ಇಳಿದಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಹಾಗೆ ಹೇಳಬೇಕೆಂದೇ ಅವರು ಮೈಕು ಹಿಡಿದರು. ಹಿಂದಿನ ಸಾಲಿನಲ್ಲಿ ದಾನವ್ವ ಕೂತಿದ್ದರು. ಮೊಣಕೈ ತನಕ ಹಳದಿಯಾಗಿದ್ದ ಕೈಗಳನ್ನು ಹೊಸ ಸೀರೆಗೆ ತಾಗದಂತೆ ಮುಂದಕ್ಕೆ ಚಾಚಿ ಹಿಡಿದುಕೊಂಡಿದ್ದರು. ಪಕ್ಕದಲ್ಲಿ ಸ್ನೇಹಲ್ ವೈನಿಯ ಕೈಗಳೂ ಹಾಗೆಯೇ ಇದ್ದವು.

"ನಾ ಏನೂ ಮಾಡಿಲ್ರಿ," ಎಂದರು ಚನ್ನಬಸಯ್ಯ. "ನಾ ಮಾಡಿದ್ದು ಬಿಳಿ. ನನಗ ಹಳದಿ ಕಾಣಿಸಿತ್ತು, ಅಷ್ಟ. ಹಳದಿ ಮಾಡಿದವ್ರು ಅಲ್ಲಿ ಕುಂತಾರ. ಕೈ ನೋಡ್ರಿ ಅವರ್ದು."

ಎಲ್ಲರೂ ಹಿಂದಕ್ಕೆ ತಿರುಗಿದರು. ದಾನವ್ವ ನಾಚಿ ಕೈಗಳನ್ನು ಬೆನ್ನ ಹಿಂದೆ ಅಡಗಿಸಲು ಹೋದರು. ವೈನಿ ಆಕೆಯ ಎರಡೂ ಕೈ ಹಿಡಿದು ಮೇಲಕ್ಕೆತ್ತಿದರು. ಮಧ್ಯಾಹ್ನ ಬಾರದ ನಗು ಈಗ ಹಾಲಿನ ತುಂಬ ಬಂತು. ಚಪ್ಪಾಳೆ ತಟ್ಟುತ್ತಿದ್ದ ಕೈಗಳಲ್ಲಿ ಬಹಳಷ್ಟು ಹಳದಿಯಾಗಿದ್ದವು.

ಕೇಶವಮೂರ್ತಿ ಮೈಕಿಗೆ ಬಗ್ಗಿದರು. ಅವರೂ ನಗುತ್ತಿದ್ದರು. "ಹಾಗಾದ್ರೆ ಮುಂದಿನ ವರ್ಷ ಬಾವುಟದ ಕೆಲಸ ಯಾರಿಗೆ ಕೊಡೋಣ ತಾಯಿ? ನಿಮಗೇ ಇರಲಾ?"

"ಅವರಿಗೇ ಇರ್ಲಿ ತಗೋರಿ," ಎಂದು ದಾನವ್ವ ಕೂತಲ್ಲಿಂದಲೇ ಕೂಗಿ ಹೇಳಿದರು. "ಬರೇ ಹಗಲಹೊತ್ತಿನ್ಯಾಗ ಕೊಡ್ರಿ."

ಚನ್ನಬಸಯ್ಯ ವೇದಿಕೆ ಇಳಿದು ನೇರ ಹಿಂದಿನ ಸಾಲಿಗೆ ಹೋದರು. ಹೆಗಲ ಮೇಲಿನ ಶಾಲು ತೆಗೆದು ಹೆಂಡತಿಗೆ ಹೊದಿಸಲು ಬಗ್ಗಿದರು.

"ಬ್ಯಾಡ್ರಿ, ಹೊಸಾ ಶಾಲು. ಹಳದಿ ಹತ್ತತೈತಿ," ಎಂದು ದಾನವ್ವ ಹಿಂದೆ ಸರಿದರು.

"ಹತ್ಲಿ," ಎಂದು ಚನ್ನಬಸಯ್ಯ ಹೊದಿಸಿದರು.